‘ದಿ ಶೈನಿಂಗ್’ ನೋಡಿ ಹೆದರಿಕೆಯಾಗಲಿಲ್ಲ ಎನ್ನುವವರಿಗೆ

ಭಯಾನಕ ಚಿತ್ರಗಳಲ್ಲಿ ನನಗಿರುವ ಆಸಕ್ತಿಯನ್ನು ಬಲ್ಲವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ‘ಎಲ್ಲರೂ ದಿ ಶೈನಿಂಗ್ ಚಿತ್ರವನ್ನು ಹೊಗಳುತ್ತಾರೆ. ನಾನೂ ನೋಡಿದೆ, ಹೆದರಿಕೆಯೇ ಆಗಲಿಲ್ಲ. ನನ್ನ ಕಣ್ಣಿಗೆ ಬೀಳದೆ ಹೋದದ್ದೇನು?’ ಹೀಗೆ ಕೇಳುವುದಕ್ಕೆ ಯಾರೂ ಸಂಕೋಚಪಡಬೇಕಾಗಿಲ್ಲ. 1980ರಲ್ಲಿ ಚಿತ್ರ ಬಿಡುಗಡೆಯಾದಾಗಲೂ ಅನೇಕ ವಿಮರ್ಶಕರಿಗೆ ಅದು ರುಚಿಸಿರಲಿಲ್ಲ. ಅದಕ್ಕೆ ಒಂದೇ ಒಂದು ಆಸ್ಕರ್ ನಾಮನಿರ್ದೇಶನವೂ ದೊರೆಯಲಿಲ್ಲ. ಬದಲಿಗೆ, ವರ್ಷದ ಕಳಪೆ ಚಿತ್ರಗಳನ್ನು ಗುರುತಿಸಲು ಆಗಷ್ಟೇ ಆರಂಭವಾಗಿದ್ದ ರಾಝಿ ಪ್ರಶಸ್ತಿಗಳ ಮೊದಲ ಪಟ್ಟಿಯಲ್ಲಿ ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಅವರ ಹೆಸರೂ ನಾಯಕಿ ಶೆಲ್ಲಿ ಡುವಾಲ್ ಅವರ ಹೆಸರೂ ಸೇರಿದ್ದವು. ಅದೇ ಚಿತ್ರವನ್ನು 2018ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸಂರಕ್ಷಿಸಬೇಕಾದ ಚಿತ್ರಗಳ ಸಾಲಿಗೆ ಸೇರಿಸಿತು. 2022ರಲ್ಲಿ ರಾಝಿಯವರು ಡುವಾಲ್ ಅವರ ನಾಮನಿರ್ದೇಶನವನ್ನು ಹಿಂತೆಗೆದುಕೊಂಡರು. ಚಿತ್ರದ ಬಗೆಗಿನ ಅಭಿಪ್ರಾಯ ಬದಲಾದದ್ದಕ್ಕೂ ಆ ನಟಿಯ ಬಗೆಗಿನ ಅಭಿಪ್ರಾಯ ಬದಲಾದದ್ದಕ್ಕೂ ನೇರ ಸಂಬಂಧವಿದೆ ಎಂಬುದು ನನ್ನ ನಂಬಿಕೆ, ಮತ್ತು ಮೇಲಿನ ಪ್ರಶ್ನೆಗೆ ನನ್ನ ಉತ್ತರವೂ ಅಲ್ಲಿಂದಲೇ ಹೊರಡುತ್ತದೆ.

ನೋಡದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಲೇಖಕನಾಗಬೇಕೆಂಬ ಹಂಬಲದ ಜ್ಯಾಕ್ ಟಾರೆನ್ಸ್, ಕೊಲೊರಾಡೋದ ಬೆಟ್ಟಗಳ ನಡುವಿನ ಓವರ್‌ಲುಕ್ ಎಂಬ ಹೋಟೆಲನ್ನು ಅದು ಮುಚ್ಚಿರುವ ಚಳಿಗಾಲದಲ್ಲಿ ನೋಡಿಕೊಳ್ಳುವ ಕೆಲಸಕ್ಕೆ ಸೇರುತ್ತಾನೆ. ಹೆಂಡತಿ ವೆಂಡಿ (ಡುವಾಲ್ ಅಭಿನಯಿಸಿದ ಪಾತ್ರ), ಕಾಣದ್ದನ್ನು ಕಾಣಬಲ್ಲ ಪುಟ್ಟ ಮಗ ಡ್ಯಾನಿ ಅವನ ಜೊತೆಗಿರುತ್ತಾರೆ. ಹಿಮ ಬಿದ್ದು ದಾರಿ ಮುಚ್ಚುತ್ತದೆ. ಜ್ಯಾಕ್ ಹೆಂಡತಿಯನ್ನೂ ಮಗನನ್ನೂ ಕೊಲ್ಲಲು ಕೊಡಲಿ ಹಿಡಿಯುವವರೆಗೂ ಕಥೆ ಬೆಳೆಯುತ್ತದೆ.

ಹೆದರಿಕೆಯಾಗಲಿಲ್ಲ ಎನ್ನುವವರಲ್ಲಿ ಹೆಚ್ಚಿನವರು ದೆವ್ವಗಳಿಗಾಗಿ ಕಾದು ಕುಳಿತಿದ್ದವರು. ಕಾರಿಡಾರಿನ ಅವಳಿ ಹುಡುಗಿಯರು, ಲಿಫ್ಟಿನಿಂದ ಹರಿಯುವ ರಕ್ತ, 237ನೇ ಕೋಣೆಯ ಹೆಂಗಸು ಇವರೆಲ್ಲ ಚಿತ್ರದಲ್ಲಿ ನಿಜಕ್ಕೂ ಇದ್ದಾರೆ. ಆದರೆ ಅವರು ತೆರೆಯ ಮೇಲಿರುವುದು ಕೆಲವೇ ನಿಮಿಷ, ಮತ್ತು ಇಂದಿನ ಪ್ರೇಕ್ಷಕರು ಆ ದೃಶ್ಯಗಳ ಅನುಕರಣೆಗಳನ್ನು ಎಷ್ಟೋ ಕಡೆ ನೋಡಿಯೇ ಬಂದಿರುತ್ತಾರೆ. ದೆವ್ವಗಳ ನಡುವಿನ ದೀರ್ಘ ಸಮಯವನ್ನು ಬರಿಯ ಕಾಯುವಿಕೆ ಎಂದುಕೊಂಡರೆ ಚಿತ್ರ ಎಳೆದಂತೆ ಕಾಣುವುದು ಸಹಜವೇ. ನನ್ನ ಮಟ್ಟಿಗೆ ಭಯ ಇರುವುದು ಆ ಸಮಯದಲ್ಲಿಯೇ, ಮತ್ತು ಅದು ವೆಂಡಿಯ ಭಯ.

ಹೋಟೆಲಿಗೆ ಹೊರಡುವ ಮೊದಲಿನ ಒಂದು ದೃಶ್ಯವನ್ನು ತೆಗೆದುಕೊಳ್ಳಿ. ಪ್ರಜ್ಞೆ ತಪ್ಪಿದ ಡ್ಯಾನಿಯನ್ನು ನೋಡಲು ವೈದ್ಯೆಯೊಬ್ಬರು ಮನೆಗೆ ಬಂದಿರುತ್ತಾರೆ. ಹುಡುಗನ ತೋಳಿಗೆ ಹಿಂದೊಮ್ಮೆ ಪೆಟ್ಟಾಗಿತ್ತು ಎಂಬ ಸಂಗತಿ ಮಾತಿನ ನಡುವೆ ಹೊರಬರುತ್ತದೆ. ಅಂದು ಜ್ಯಾಕ್ ಕುಡಿದು ಬಂದಿದ್ದ, ಮಗ ಅವನ ಕಾಗದಗಳನ್ನು ಚೆಲ್ಲಾಡಿದ್ದ, ಅವನನ್ನು ಎಳೆಯುವಾಗ ಶಕ್ತಿ ಸ್ವಲ್ಪ ಹೆಚ್ಚಾಯಿತು, ಮಕ್ಕಳನ್ನು ಹಾಗೆ ಎಳೆಯುವುದು ಎಲ್ಲರ ಮನೆಯಲ್ಲೂ ಇದ್ದದ್ದೇ, ಹೇಗೂ ಆಮೇಲೆ ಅವನು ಕುಡಿತ ಬಿಟ್ಟನಲ್ಲ ಎಂದು ವೆಂಡಿ ನಗುತ್ತ ಹೇಳುತ್ತಾಳೆ. ಅವಳ ಕೈಯಲ್ಲಿರುವ ಸಿಗರೇಟಿನ ಬೂದಿ ಉದ್ದವಾಗುತ್ತ ಹೋಗುತ್ತದೆ. ಅದನ್ನು ಕೊಡವಬೇಕೆಂಬುದೂ ಅವಳಿಗೆ ನೆನಪಾಗುವುದಿಲ್ಲ. ವೈದ್ಯೆಯ ಮುಖದಲ್ಲಿ ನಗುವಿಲ್ಲ. ಇಲ್ಲಿ ಸಂಗೀತದ ಅಬ್ಬರವಾಗಲಿ, ನೆರಳಾಗಲಿ, ರಕ್ತವಾಗಲಿ ಇಲ್ಲ. ಗಂಡನ ಕೈಯಿಂದ ಮಗುವಿಗಾದ ಗಾಯವನ್ನು ಪರರ ಮುಂದೆ ಸಣ್ಣದು ಮಾಡಿ ಹೇಳಬೇಕಾದ ಹೆಂಗಸೊಬ್ಬಳಿದ್ದಾಳೆ, ಮತ್ತು ಅವಳು ಇನ್ನೇನು ಅದೇ ಗಂಡನೊಡನೆ ಯಾರೂ ಬಾರದ ಜಾಗಕ್ಕೆ ಹೋಗಲಿದ್ದಾಳೆ. ಇಡೀ ಚಿತ್ರದಲ್ಲಿ ನನ್ನನ್ನು ಅತಿ ಹೆಚ್ಚು ಹೆದರಿಸುವ ದೃಶ್ಯ ಇದೇ.

ಎಲ್ಲ ಪ್ರೇಕ್ಷಕರಿಗೂ ಈ ದೃಶ್ಯ ಸಿಕ್ಕಿಲ್ಲ. ಅಮೆರಿಕದಲ್ಲಿ ಪ್ರದರ್ಶನವಾದ ಚಿತ್ರ ಸುಮಾರು 144 ನಿಮಿಷದ್ದು. ಯೂರೋಪಿಗಾಗಿ ಕುಬ್ರಿಕ್ ಅವರೇ ಅದನ್ನು 119 ನಿಮಿಷಕ್ಕೆ ಇಳಿಸಿದಾಗ ವೈದ್ಯೆಯ ದೃಶ್ಯ ಪೂರ್ತಿಯಾಗಿ ಹೋಯಿತು. ಆ ಆವೃತ್ತಿಯನ್ನು ನೋಡಿದವರು ತೋಳಿನ ಕಥೆಯ ವೆಂಡಿಯ ನಿರೂಪಣೆಯನ್ನೇ ಕೇಳಿರುವುದಿಲ್ಲ; ಅವರಿಗೆ ಉಳಿಯುವುದು ಬಾರಿನಲ್ಲಿ ಕುಳಿತ ಜ್ಯಾಕ್, ತನ್ನ ತಪ್ಪೇನೂ ಇಲ್ಲವೆಂಬಂತೆ, ಅದು ಮೂರು ವರ್ಷದ ಹಿಂದಿನ ಮಾತು ಎಂದು ಸಿಡುಕುತ್ತ ಹೇಳುವ ಕಥೆ. ಎರಡನ್ನೂ ಕೇಳಿದವರಿಗೆ ಒಂದು ಲೆಕ್ಕ ತಾಳೆಯಾಗುವುದಿಲ್ಲ: ಮಗುವಿಗೆ ಪೆಟ್ಟಾದ ಮೇಲೆ ಕುಡಿತ ಬಿಟ್ಟನೆಂದು ವೆಂಡಿ ಹೇಳಿದ್ದಳು, ಬಿಟ್ಟು ಐದು ತಿಂಗಳಾಯಿತೆಂದೂ ಹೇಳಿದ್ದಳು. ಒಬ್ಬರ ಮಾತು ನಿಜವಲ್ಲ, ಅಥವಾ ನಡುವಿನ ವರ್ಷಗಳಲ್ಲಿ ನಡೆದದ್ದನ್ನು ನಮಗೆ ಯಾರೂ ಹೇಳುತ್ತಿಲ್ಲ. ಆದ್ದರಿಂದ ಹೆದರಿಕೆಯಾಗಲಿಲ್ಲ ಎಂದವರನ್ನು ನಾನು ಮೊದಲು ಕೇಳುವುದು, ನೀವು ನೋಡಿದ್ದು ಯಾವ ಆವೃತ್ತಿ ಎಂದು.

ವೆಂಡಿ ಅಳುಬುರುಕಿ, ಅವಳ ಕಿರುಚಾಟ ಸಹಿಸಲಾಗುವುದಿಲ್ಲ ಎಂಬ ದೂರನ್ನು ಈಗಲೂ ಕೇಳುತ್ತೇನೆ. 1977ರಲ್ಲಿ ಪ್ರಕಟವಾದ ಮೂಲ ಕಾದಂಬರಿಯನ್ನು ಬರೆದ ಸ್ಟೀಫನ್ ಕಿಂಗ್ ಅವರೂ ಚಿತ್ರದ ವೆಂಡಿಯನ್ನು ಒಪ್ಪಲಿಲ್ಲ. ಅವಳು ಕಿರುಚುವುದಕ್ಕಾಗಿಯೇ ಇದ್ದಾಳೆ ಎಂಬುದು ಅವರ ಆಕ್ಷೇಪ. ಅವರ ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಕಾದಂಬರಿಯ ಜ್ಯಾಕ್ ಒಳ್ಳೆಯವನಾಗಿರಲು ಹೆಣಗಿ ಸೋಲುವ ಮನುಷ್ಯ. ಜ್ಯಾಕ್ ನಿಕೋಲ್ಸನ್ ಅಭಿನಯಿಸಿದ ಜ್ಯಾಕ್ ಮೊದಲ ದೃಶ್ಯದಿಂದಲೇ ಹುಚ್ಚಿನ ಅಂಚಿನಲ್ಲಿದ್ದಾನೆ, ಹಾಗಾಗಿ ಅವನ ಪತನಕ್ಕೆ ತೂಕವಿಲ್ಲ ಎನ್ನುತ್ತಾರೆ ಕಿಂಗ್. ಜ್ಯಾಕ್‌ನ ಕಥೆಯಾಗಿ ನೋಡಿದರೆ ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ವೆಂಡಿಯ ಕಥೆಯಾಗಿ ನೋಡಿದರೆ ಅದೇ ದೋಷ ಚಿತ್ರದ ಬಲವಾಗುತ್ತದೆ, ಏಕೆಂದರೆ ಅಪಾಯ ಮೊದಲಿನಿಂದಲೂ ಮನೆಯೊಳಗೇ ಇತ್ತು, ಹೋಟೆಲು ಅದಕ್ಕೆ ಬಾಗಿಲು ಹಾಕಿ ಕೊಟ್ಟಿತು ಅಷ್ಟೆ.

ಅವಳು ಮಾಡುವ ಕೆಲಸಗಳನ್ನೂ ಗಮನಿಸಬೇಕು. ಹೋಟೆಲನ್ನು ನೋಡಿಕೊಳ್ಳಲು ಸಂಬಳ ಪಡೆದವನು ಗೋಡೆಗೆ ಚೆಂಡೆಸೆಯುತ್ತ, ಟೈಪ್‌ರೈಟರಿನ ಮುಂದೆ ಕೂರುತ್ತ ದಿನ ಕಳೆಯುತ್ತಾನೆ. ಬಾಯ್ಲರನ್ನು ಪರೀಕ್ಷಿಸುವವಳು ವೆಂಡಿ, ದೂರವಾಣಿ ನಿಂತಾಗ ಅರಣ್ಯ ಇಲಾಖೆಯವರೊಡನೆ ರೇಡಿಯೋದಲ್ಲಿ ಮಾತನಾಡುವವಳು ವೆಂಡಿ, ಅಡುಗೆಯೂ ಅವಳದೇ. ಕೊನೆಗೆ ಗಂಡನನ್ನು ಬ್ಯಾಟಿನಿಂದ ಹೊಡೆದು ಕೆಡವಿ, ಅವನ ಭಾರದ ದೇಹವನ್ನು ಎಳೆದುಕೊಂಡು ಹೋಗಿ ಉಗ್ರಾಣದಲ್ಲಿ ಕೂಡಿಹಾಕುವವಳೂ, ಸ್ನಾನದ ಮನೆಯ ಕಿಟಕಿಯಿಂದ ಮಗನನ್ನು ಹಿಮದ ಮೇಲೆ ಜಾರಿಸಿ ಉಳಿಸುವವಳೂ ಅವಳೇ. ಇದೆಲ್ಲವನ್ನೂ ಅವಳು ಅಳುತ್ತ, ನಡುಗುತ್ತ ಮಾಡುತ್ತಾಳೆ ಎಂಬ ಒಂದೇ ಕಾರಣಕ್ಕೆ ಅವಳನ್ನು ದುರ್ಬಲಳೆಂದು ಎಣಿಸುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಚಿತ್ರೀಕರಣದ ವೇಳೆ ಕುಬ್ರಿಕ್ ಡುವಾಲ್ ಅವರೊಡನೆ ಕಠಿಣವಾಗಿ ನಡೆದುಕೊಂಡದ್ದು ಕುಬ್ರಿಕ್ ಅವರ ಮಗಳು ವಿವಿಯನ್ ತೆಗೆದ ಸಾಕ್ಷ್ಯಚಿತ್ರದಲ್ಲಿಯೇ ದಾಖಲಾಗಿದೆ. ಪರಿಣಾಮ ಚೆನ್ನಾಗಿ ಬಂತು ಎಂಬ ಕಾರಣಕ್ಕೆ ಅದನ್ನು ನಾನು ಸಮರ್ಥಿಸಲಾರೆ. ಡುವಾಲ್ ಅವರ ಅಭಿನಯವನ್ನು ಹೊಗಳುವಾಗ ಆ ದುಡಿಮೆಯ ಬೆಲೆಯೂ ನೆನಪಿರಲಿ ಎಂದಷ್ಟೇ ಹೇಳಬಲ್ಲೆ. ಹೋಟೆಲಿನ ಕಾರ್ಪೆಟ್ಟಿನ ವಿನ್ಯಾಸ, ಇರಲು ಸಾಧ್ಯವೇ ಇಲ್ಲದ ಜಾಗದಲ್ಲಿ ಕಾಣುವ ಕಿಟಕಿ, ಗುಪ್ತ ಸಂದೇಶ ಮುಂತಾದ ಊಹೆಗಳ ಬಗ್ಗೆಯೂ ಕೇಳುತ್ತಾರೆ; ಅವುಗಳಿಂದ ಯಾರಿಗೂ ಭಯ ಹುಟ್ಟಿದ್ದನ್ನು ನಾನು ಕಂಡಿಲ್ಲ.

ಇನ್ನೊಮ್ಮೆ ನೋಡುವ ಮನಸ್ಸಿದ್ದರೆ ಉದ್ದದ ಆವೃತ್ತಿಯನ್ನೇ ಹುಡುಕಿ, ಮೆಟ್ಟಿಲಿನ ದೃಶ್ಯದಲ್ಲಿ ಜ್ಯಾಕ್‌ನನ್ನು ಬಿಟ್ಟು ವೆಂಡಿಯ ಮುಖವನ್ನೇ ನೋಡಿ. ವಾರಗಟ್ಟಲೆ ಅವನು ಬರೆದದ್ದು ಒಂದೇ ವಾಕ್ಯವೆಂದು ಅವಳಿಗೆ ಈಗಷ್ಟೇ ಗೊತ್ತಾಗಿದೆ. ಬ್ಯಾಟನ್ನು ಬೀಸುತ್ತ ಹಿಂದೆ ಹಿಂದೆ ಹತ್ತುತ್ತಾಳೆ. ಅವನು ಒಂದೊಂದೇ ಮೆಟ್ಟಿಲೇರುತ್ತ, ನಿನಗೆ ನೋವು ಮಾಡುವುದಿಲ್ಲ ಎನ್ನುತ್ತಾನೆ. ಅವಳು ಆ ಮಾತನ್ನು ಎಷ್ಟು ಸಲ ಕೇಳಿರಬೇಕು ಎಂಬುದನ್ನು ಅವಳ ಕಣ್ಣುಗಳಲ್ಲಿ ಹುಡುಕಿ.