ಅವ್ವ ಹೆಡ್‌ಸೆಟ್ ಕಿತ್ತು ತೆಗೆದ ದಿನ

ನಾನು ಕಲಬುರಗಿಯಲ್ಲಿ ಹನ್ನೊಂದು ವರ್ಷದಿಂದ ಮದುವೆ ವಿಡಿಯೊ ಮಾಡುತ್ತಿದ್ದೇನೆ. ಹೋದ ವರ್ಷ ಸುತ್ತಲಿನದನ್ನೆಲ್ಲ ಒಮ್ಮೆಗೇ ಹಿಡಿಯುವ ಒಂದು 360 ಡಿಗ್ರಿ ಕ್ಯಾಮೆರಾ ತಗೊಂಡೆ. ಬೀದರ್ ಪ್ರವಾಸ ಮಾಡಿಸುವವರೊಬ್ಬರು ಅಷ್ಟೂರಿನ ಬಹಮನಿ ಸುಲ್ತಾನರ ಗುಂಬಜ್‌ಗಳನ್ನು ವಿಆರ್‌ನಲ್ಲಿ, ಅಂದರೆ ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡು ಅಲ್ಲೇ ಇದ್ದ ಹಾಗೆ ಸುತ್ತಲೂ ನೋಡುವಂತೆ, ತೋರಿಸಬೇಕು ಅಂದರು. ಅನುಮತಿ ಕೆಲಸ ಅವರೇ ನೋಡಿಕೊಂಡರು.

ಮದುವೆಯಲ್ಲಿ ಕ್ಯಾಮೆರಾ ಒಂದು ಕಡೆ ನಿಂತರೆ ಬೇಜಾರು. ಓಡಾಡಿದರೂ ಕ್ಯಾಮೆರಾ ಅಲುಗದಂತೆ ಹಿಡಿಯುವ ಗಿಂಬಲ್ ಬೇಕು, ಡ್ರೋನ್ ಬೇಕು. ಅದೇ ರೂಢಿಯಲ್ಲಿ ಕ್ಯಾಮೆರಾವನ್ನು ಉದ್ದ ಕೋಲಿಗೆ ಹಾಕಿ, ತಲೆಯ ಮೇಲೆ ಎತ್ತಿ ಹಿಡಿದು, ಸುಲ್ತಾನ ಅಹ್ಮದ್ ಷಾ ವಲಿಯ ಗೋರಿಯವರೆಗೆ ಒಂದೇ ಶಾಟ್‌ನಲ್ಲಿ ನಡೆದೆ. ಕಂಪ್ಯೂಟರ್‌ನಲ್ಲಿ ಬಹಳ ಚಂದ ಕಂಡಿತು.

ಮನೆಗೆ ಬಂದು ಮೊದಲು ಅವ್ವನಿಗೆ ಹೆಡ್‌ಸೆಟ್ ಹಾಕಿದೆ. ಮೊಣಕಾಲು ನೋವಿನಿಂದ ಅವಳು ಬಸ್ ಹತ್ತಿ ವರ್ಷಗಳಾದವು. ಹರೆಯದಲ್ಲಿ ಅಷ್ಟೂರಿನ ಜಾತ್ರೆಗೆ ತಪ್ಪದೆ ಹೋಗುತ್ತಿದ್ದವಳು. ಹಿಂದೂಗಳು, ಮುಸ್ಲಿಮರು ಇಬ್ಬರೂ ನಡೆದುಕೊಳ್ಳುವ ಜಾಗ ಅದು. ಅರ್ಧ ನಿಮಿಷ ಆಗಿರಲಿಲ್ಲ, ಕುರ್ಚಿಯ ಎರಡೂ ಕೈ ಗಟ್ಟಿಯಾಗಿ ಹಿಡಿದಳು. "ತಗಿಯಪ್ಪಾ ಇದನ್ನ, ತಲಿ ತಿರಗಲಾಕತ್ತದ" ಅಂದವಳೇ ತಾನೇ ಕಿತ್ತು ತೆಗೆದಳು. ಹಣೆ ಬೆವೆತಿತ್ತು. ಅವತ್ತು ರಾತ್ರಿ ಊಟ ಮಾಡಲಿಲ್ಲ. ನನಗೆ ಬಹಳ ಕೆಟ್ಟದೆನಿಸಿತು.

ಕಾರಣ ಹುಡುಕುತ್ತಾ ಕೂತೆ. ಕಣ್ಣು "ನಡೀತಿದ್ದೀನಿ" ಅನ್ನುತ್ತದೆ. ಮೈಯ ಸಮತೋಲ ಕಾಯುವ ಒಳಗಿವಿ "ಇಲ್ಲ, ಕೂತಿದ್ದೀನಿ" ಅನ್ನುತ್ತದೆ. ಈ ಜಗಳಕ್ಕೇ ತಲೆ ತಿರುಗುವುದು, ಹೊಟ್ಟೆ ತೊಳಸುವುದು. ಟಿವಿಯಲ್ಲಿ ಕ್ಯಾಮೆರಾ ಓಡಿದರೆ ನಡೆಯುತ್ತದೆ, ಯಾಕಂದರೆ ಸುತ್ತ ನಮ್ಮ ಮನೆ ಕಾಣುತ್ತಿರುತ್ತದೆ. ಹೆಡ್‌ಸೆಟ್‌ನೊಳಗೆ ಮನೆಯೇ ಇಲ್ಲ. ಅಲ್ಲಿ ಕ್ಯಾಮೆರಾ ಅಂದರೆ ನೋಡುವವರ ತಲೆ. ನಾನು ಅವ್ವನ ತಲೆ ಹಿಡಿದು ಎಳೆದುಕೊಂಡು ಹೋಗಿದ್ದೆ.

ಒಳ್ಳೆಯ ವಿಆರ್ ಆಟ ಮಾಡಿದವರು ಇದನ್ನು ಯಾವಾಗಲೋ ಕಂಡುಕೊಂಡಿದ್ದಾರೆ. 'ಬೀಟ್ ಸೇಬರ್'ನಲ್ಲಿ ಆಡುವವರು ನಿಂತ ಕಡೆ ನಿಂತಿರುತ್ತಾರೆ, ಕತ್ತರಿಸಬೇಕಾದ ಪೆಟ್ಟಿಗೆಗಳೇ ಅವರ ಹತ್ತಿರ ಬರುತ್ತವೆ. 2020ರ 'ಹಾಫ್ ಲೈಫ್: ಅಲಿಕ್ಸ್'ನಲ್ಲಿ ಬೇಕಾದ ಜಾಗಕ್ಕೆ ಗುರುತು ಇಟ್ಟು ಒಮ್ಮೆಲೇ ಅಲ್ಲಿಗೆ ಜಿಗಿಯಬಹುದು. ಸಿನಿಮಾದವರಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಮೆಕ್ಸಿಕೊದ ನಿರ್ದೇಶಕ ಇನ್ಯಾರಿಟು ಅವರ ವಿಆರ್ ಕೆಲಸ 'ಕಾರ್ನೆ ಇ ಅರೆನಾ'. ಗಡಿ ದಾಟುವ ವಲಸಿಗರ ಮೇಲಿನ ಈ ಕೆಲಸಕ್ಕೆ 2017ರಲ್ಲಿ ವಿಶೇಷ ಆಸ್ಕರ್ ಬಂತು. ಒಂದು ಸಲಕ್ಕೆ ಒಬ್ಬರೇ, ನಿಜವಾದ ಮರಳಿನ ಮೇಲೆ ಬರಿಗಾಲಲ್ಲಿ ನಡೆದಾಡಿ ನೋಡಬೇಕು. ಕಣ್ಣಿಗೆ ಮರುಭೂಮಿ, ಕಾಲಿಗೂ ಮರಳು. ಜಗಳವೇ ಇಲ್ಲ.

ಮತ್ತೆ ಅಷ್ಟೂರಿಗೆ ಹೋದೆ. ಈ ಸಲ ಟ್ರೈಪಾಡ್. ನಾಲ್ಕೇ ಜಾಗ, ಒಂದೊಂದು ಕಡೆ ಎರಡು ನಿಮಿಷ, ನಡುವೆ ಕಣ್ಣು ಮಿಟುಕಿಸಿದಷ್ಟು ಕತ್ತಲೆ. ಕ್ಯಾಮೆರಾ ಎತ್ತರ ನಾಲ್ಕು ಅಡಿಗೆ ಇಳಿಸಿದೆ, ಕೂತು ನೋಡುವ ಅವ್ವನ ಕಣ್ಣು ಅಷ್ಟೇ ಎತ್ತರದಲ್ಲಿ ಬರುತ್ತದೆ. ದೂರ ನಿಂತು ತೆಗೆಯುವ ಆಸೆಯನ್ನೂ ಬಿಟ್ಟೆ. ನನ್ನ ಕ್ಯಾಮೆರಾ 5.7ಕೆ. ಆ 5,760 ಪಿಕ್ಸೆಲ್ ಸುತ್ತಲಿನ 360 ಡಿಗ್ರಿಗೂ ಹಂಚಿಹೋಗುತ್ತವೆ. ಕಣ್ಣ ಮುಂದಿನ 90 ಡಿಗ್ರಿಗೆ ಉಳಿಯುವುದು 1,440 ಮಾತ್ರ. ದೂರದ ಚಿತ್ತಾರ ಸುಮ್ನೆ ಮಸುಕಾಗುತ್ತದೆ.

ಆದರೆ ಫ್ರೇಮೇ ಇಲ್ಲದ ಕಡೆ "ಇಲ್ಲಿ ನೋಡಿ" ಅಂತ ಹೇಳುವುದು ಹೇಗೆ? 1436ರಲ್ಲಿ ತೀರಿಕೊಂಡ ಅಹ್ಮದ್ ಷಾ ವಲಿಯ ಗುಂಬಜಿನ ಒಳಗೆ ಬಣ್ಣದ ಚಿತ್ತಾರ, ಬರಹ ತುಂಬಿದೆ. ಆದರೆ ಒಳಗೆ ಕತ್ತಲೆ. ಅಲ್ಲಿದ್ದ ಹಿರಿಯರೊಬ್ಬರು ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಕಳಿಸಿದರು. ಬೆಳಕಿನ ತುಂಡೊಂದು ಗೋಡೆಗುಂಟ ನಿಧಾನಕ್ಕೆ ಮೇಲೇರಿತು. ಅದು ಮುಟ್ಟಿದಲ್ಲೆಲ್ಲ ಕೆಂಪು, ಬಂಗಾರ ಎದ್ದು ಬಂದವು. ಬೆಳಕಿಗೆ ತಕ್ಕಂತೆ ಕ್ಯಾಮೆರಾ ತಾನೇ ಬದಲಾಗದ ಹಾಗೆ ಎಕ್ಸ್‌ಪೋಷರ್ ಲಾಕ್ ಮಾಡಿ ನಾನು ಗೋಡೆಯ ಮರೆಗೆ ಸರಿದೆ. ಹತ್ತು ಎಡಿಟ್ ಮಾಡಿದರೂ ನನ್ನಿಂದ ಆಗದ ಕೆಲಸವನ್ನು ಆ ಕನ್ನಡಿ ಮಾಡಿತು.

ಅವ್ವ ಹೆದರಿಕೊಂಡೇ ಹಾಕಿಕೊಂಡಳು. ಕುರ್ಚಿಯ ಕೈ ಹಿಡಿಯಲಿಲ್ಲ. ಗೋಡೆಯ ಮೇಲೆ ಬೆಳಕು ಏರುತ್ತಿದ್ದಂತೆ ಅವಳ ಗದ್ದವೂ ಮೇಲೇರಿತು. ಆಮೇಲೆ ಕೈ ಹಿಂದಕ್ಕೆ ಹಾಕಿ, ತಡಕಾಡಿ, ಸೆರಗು ಎಳೆದು ಹೆಡ್‌ಸೆಟ್ ಪಟ್ಟಿಯ ಮೇಲೆ ಹೊದ್ದುಕೊಂಡಳು. ದರ್ಗಾದೊಳಗೆ ಹೋಗುವಾಗ ಹೊದ್ದುಕೊಳ್ಳುವ ಹಾಗೆ. ಕ್ಲೈಂಟ್‌ಗೆ ಕೊಟ್ಟದ್ದು ಅದೇ ವಿಡಿಯೊ.

ಆದರೂ ಅದರಲ್ಲಿ ತಲೆ ತಿರುಗಿಸಿ ನೋಡಬಹುದು ಅಷ್ಟೇ, ಒಂದು ಹೆಜ್ಜೆ ಮುಂದೆ ಹೋಗಲು ಆಗುವುದಿಲ್ಲ. ಅದಕ್ಕೆ ಆಟಗಳ ಹಾಗೆ ಇಡೀ ಜಾಗವನ್ನೇ ತ್ರೀಡಿಯಲ್ಲಿ ಕಟ್ಟಬೇಕು. ರಾತ್ರಿ ಕೂತು ಅದನ್ನು ಕಲಿಯುತ್ತಿದ್ದೇನೆ. ಬೀದರ್‌ನಲ್ಲಿರುವ 1472ರ ಮಹಮೂದ್ ಗವಾನ್ ಮದರಸಾದ ಎರಡು ಮಿನಾರ್‌ಗಳಲ್ಲಿ ಈಗ ಉಳಿದಿರುವುದು ಒಂದೇ. ಬಿದ್ದ ಇನ್ನೊಂದನ್ನು ಎತ್ತಿ ನಿಲ್ಲಿಸುತ್ತಿದ್ದೇನೆ. ಸದ್ಯಕ್ಕೆ ಬುಡ ಮಾತ್ರ ಎದ್ದಿದೆ.