ಹಳೇ ಬೆಲ್ಟ್ ಬಿಚ್ಚಿದೆವು

ಇವತ್ತು ನಮ್ಮ ನಾಲ್ಕು ಸೀಟಿನ ಪುಟ್ಟ ವಿಮಾನದ ಸೀಟ್ ಬೆಲ್ಟ್ ಬದಲಾಯಿಸಿದೆವು. ಮೆಕ್ಯಾನಿಕ್ ಪಕ್ಕದಲ್ಲೇ ನಿಂತು ನನ್ನ ಕೈಯಲ್ಲೇ ಕೆಲಸ ಮಾಡಿಸಿದರು.

ಹಳೇ ಪಟ್ಟಿ ಮೇಲ್ನೋಟಕ್ಕೆ ಚೆನ್ನಾಗೇ ಇತ್ತು. ಬಕಲ್ ಹತ್ತಿರ ಮಡಚಿ ನೋಡಿದರೆ ಅಂಚಿನ ನೂಲು ಎದ್ದು ಬಂದಿದೆ. ಕಿಟಕಿ ಕಡೆಯ ಭಾಗ ಬಿಸಿಲಿಗೆ ಬಣ್ಣ ಹೋಗಿ ಗಡುಸಾಗಿದೆ. ನೈಲಾನ್ ನೂಲಿನ ಬಲವನ್ನು ಬಿಸಿಲು ಸದ್ದಿಲ್ಲದೆ ತಿನ್ನುತ್ತದೆ.

ಬಿಚ್ಚುವ ಮುಂಚೆ ಫೋಟೊ ತೆಗೆದಿದ್ದು ಒಳ್ಳೇದಾಯ್ತು. ಬೋಲ್ಟ್, ವಾಷರ್, ಬುಷ್ (ಬೋಲ್ಟಿನ ಮೇಲೆ ಕೂರುವ ಪುಟ್ಟ ಕೊಳವೆ) ಯಾವುದರ ಹಿಂದೆ ಯಾವುದು ಅನ್ನೋದೇ ಮುಖ್ಯ. ಬೋಲ್ಟ್ ಬಿಗಿ ಮಾಡಿದ ಮೇಲೂ ಬೆಲ್ಟಿನ ತುದಿಯ ಲೋಹದ ಕೊಂಡಿ ಸಲೀಸಾಗಿ ತಿರುಗಬೇಕು. ಮೊದಲ ಸಲ ನಾನು ಬುಷ್ ಬಿಟ್ಟಿದ್ದೆ, ಕೊಂಡಿ ಅಲ್ಲಾಡಲೇ ಇಲ್ಲ. ಮತ್ತೆ ಬಿಚ್ಚಿ ಹಾಕಿದೆ. ಹೊಸದರ ಲೇಬಲ್ ಮೇಲೆ ವಿಮಾನದ ಸೀಟ್ ಬೆಲ್ಟಿನ ಗುಣಮಟ್ಟದ ಗುರುತಾದ ಟಿಎಸ್‌ಒ-ಸಿ22 ಅಂತ ಇರುವುದನ್ನು ಎರಡೆರಡು ಸಲ ನೋಡಿದೆ.

ಪ್ರತಿ ಸಲ ಹಾರುವ ಮುಂಚೆ ಎಣ್ಣೆ, ಪೆಟ್ರೋಲು, ಟೈರು ಎಲ್ಲಾ ನೋಡುತ್ತೇವೆ. ದಿನಾ ಕೈಯಲ್ಲಿ ಹಿಡಿಯುವ ಪಟ್ಟಿ ಮಾತ್ರ ಕಣ್ಣಿಗೇ ಬೀಳುವುದಿಲ್ಲ, ಅಲ್ವಾ? ಇಷ್ಟು ದಿನ ಇದನ್ನೇ ಮಗಳಿಗೆ ಕಟ್ಟಿ ಕೂರಿಸುತ್ತಿದ್ದೆ. ನೆನೆದರೆ ಮನಸ್ಸು ಚುರ್ ಅನ್ನುತ್ತದೆ.

ಲಾಗ್‌ಬುಕ್ಕಿನಲ್ಲಿ ಬರೆದಾಯ್ತು. ಸಂಜೆ ಅವಳೇ ಬಂದು ಹಿಂದಿನ ಸೀಟಲ್ಲಿ ಕೂತು ಹೊಸ ಬಕಲ್ ಹಾಕಿಕೊಂಡಳು. ಟಕ್ ಅಂತ ಕೂತಿತು.