ಒಂದೇ ಪೆಟ್ಟಿಗೆಯಲ್ಲಿ ಎರಡು ಕಾಯ್ದೆ

ಅಮೆರಿಕದ ರೈಲ್‌ರೋಡ್ ಮೊಕದ್ದಮೆಗಳಿಗೆ ಮೆಮೊ ಸಿದ್ಧಪಡಿಸುವ ನಮ್ಮ ಬೆಂಗಳೂರಿನ ತಂಡದಲ್ಲಿ ಆ ರಾತ್ರಿ ನಡೆದದ್ದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ವಿಷಯ, ಯಾರ್ಡಿನಲ್ಲಿ ಹಳಿಯ ಪಕ್ಕ ಕೆಲಸಗಾರರು ನಡೆಯುವ ದಾರಿ ಹೇಗಿರಬೇಕೆಂಬ ರಾಜ್ಯ ಆಯೋಗವೊಂದರ ನಿಯಮ. ಕಳುಹಿಸಲು ಅರ್ಧ ಗಂಟೆಯೂ ಉಳಿದಿರಲಿಲ್ಲ. ಕ್ಯೂಸಿಯಿಂದ (ಗುಣಮಟ್ಟ ಪರಿಶೀಲನೆಯಿಂದ) ಮರಳಿದ ಕರಡಿನಲ್ಲಿ ನನ್ನ ಎರಡು ಅಧ್ಯಾಯಗಳು ಒಂದು ಸಾಲಿಗೆ ಇಳಿದಿದ್ದವು: ‘ಫೆಡರಲ್ ಕಾನೂನು ರಾಜ್ಯದ ನಿಯಮವನ್ನು ತಡೆಯುತ್ತದೆ.’

ಯಾವ ಫೆಡರಲ್ ಕಾನೂನು? 1970ರ ರೈಲ್‌ರೋಡ್ ಸುರಕ್ಷತಾ ಕಾಯ್ದೆ ರಾಜ್ಯಗಳಿಗೆ ಜಾಗ ಬಿಟ್ಟಿದೆ. ಅದೇ ವಿಷಯದ ಮೇಲೆ ಕೇಂದ್ರದ ನಿಯಮ ಬರುವವರೆಗೆ ರಾಜ್ಯದ ಸುರಕ್ಷತಾ ನಿಯಮ ನಿಲ್ಲುತ್ತದೆ. ಹಳೆಯ ಅಂತರರಾಜ್ಯ ವಾಣಿಜ್ಯ ಆಯೋಗವನ್ನು (ಐಸಿಸಿ) ರದ್ದುಪಡಿಸಿದ 1995ರ ಐಸಿಸಿ ಟರ್ಮಿನೇಷನ್ ಕಾಯ್ದೆಯಲ್ಲಿ ಆ ರಿಯಾಯಿತಿ ಇಲ್ಲ. ರೈಲು ಸಾಗಣೆಯ ನಿಯಂತ್ರಣವನ್ನು ಅದು ಸರ್ಫೇಸ್ ಟ್ರಾನ್ಸ್‌ಪೋರ್ಟೇಶನ್ ಬೋರ್ಡ್ ಎಂಬ ಫೆಡರಲ್ ಮಂಡಳಿಗೆ ಒಪ್ಪಿಸಿದೆ.

ಓಹಿಯೋ ಒಂದನ್ನೇ ನೋಡಿ. ಹಳಿಗಳ ನಡುವಿನ ಅಂತರ ಕುರಿತ ಆ ರಾಜ್ಯದ ನಿಯಮವನ್ನು 2001ರ ಟಿರೆಲ್ ಪ್ರಕರಣದಲ್ಲಿ ಆರನೇ ಸರ್ಕ್ಯೂಟ್‌ನ ಫೆಡರಲ್ ಮೇಲ್ಮನವಿ ನ್ಯಾಯಾಲಯ ಸುರಕ್ಷತಾ ಕಾಯ್ದೆಯಡಿ ಪರಿಶೀಲಿಸಿ ಉಳಿಸಿತು. ಲೆವೆಲ್ ಕ್ರಾಸಿಂಗಿನಲ್ಲಿ ರೈಲು ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲಬಾರದೆಂಬ ಅದೇ ರಾಜ್ಯದ ಕಾನೂನು ಮಾತ್ರ 2022ರಲ್ಲಿ ಸಿಎಸ್‌ಎಕ್ಸ್ ರೈಲು ಕಂಪನಿಯ ವಿರುದ್ಧದ ಮೊಕದ್ದಮೆಯಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನಲ್ಲೇ ಬಿದ್ದುಹೋಯಿತು. ಅಮೆರಿಕದ ಸುಪ್ರೀಂ ಕೋರ್ಟ್ 2024ರಲ್ಲಿ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ. ದಾರಿ ಮುಚ್ಚಿ ನಿಂತ ಗೂಡ್ಸ್ ರೈಲಿನ ಹಿಂದೆ ಆಂಬುಲೆನ್ಸ್ ಕಾಯುವ ಊರಿನವರಿಗೆ ಇದು ಎಂಥ ಪೆಟ್ಟು!

ಇದನ್ನೆಲ್ಲ ಹೇಳಿದಾಗ ತಂಡದ ಮುಖ್ಯಸ್ಥರು, “ಕೊನೆಗೆ ರಾಜ್ಯ ಸೋಲುತ್ತದೆ ತಾನೇ? ಕಳುಹಿಸಿಬಿಡಿ,” ಎಂದರು. ಸೋಲಲೇಬೇಕೆಂದೇನೂ ಇಲ್ಲ, ಜಗಳವೇ ಅಲ್ಲಿರುವುದು. ಕಾಲುದಾರಿ ಸುರಕ್ಷತೆಯ ವಿಷಯವೆಂದಾದರೆ ಆಯೋಗಕ್ಕೆ ವಾದವಿದೆ, ಕಾಲು ಜಾರಿ ಬೀಳುವ ಕೆಲಸಗಾರನಿಗೂ ರಕ್ಷಣೆಯಿದೆ. ಅವರು ಹಠ ಹಿಡಿದಿದ್ದಾರೆಂದೇ ನಾನು ಭಾವಿಸಿದ್ದೆ. ಪರದೆ ತಿರುಗಿಸಿ ತೋರಿಸಿದ ಮೇಲೆ ತಿಳಿಯಿತು, ಟೆಂಪ್ಲೇಟಿನಲ್ಲಿ ‘ಪ್ರಿಎಂಪ್ಷನ್’ಗೆ, ಅಂದರೆ ಫೆಡರಲ್ ಕಾನೂನು ರಾಜ್ಯದ ನಿಯಮವನ್ನು ತಡೆಯುವ ವಿಷಯಕ್ಕೆ, ಇದ್ದದ್ದು ಒಂದೇ ಪೆಟ್ಟಿಗೆ, ಅದಕ್ಕೊಂದು ಪದಮಿತಿ. ವಾದಿಸುತ್ತ ನಿಂತರೆ ಗಡುವು ಮುಗಿಯುತ್ತಿತ್ತು. ನೇರವಾಗಿ ಅಲ್ಲಿನ ವಕೀಲರಿಗೆ ಕರೆ ಮಾಡಿದೆ. ಅವರ ಮೊದಲ ಪ್ರಶ್ನೆಯೇ “ಯಾವ ಕಾಯ್ದೆಯಡಿ?” ಎಂಬುದು. ಮುಖ್ಯಸ್ಥರು ಮರುಮಾತಿಲ್ಲದೆ ಎರಡೂ ಅಧ್ಯಾಯಗಳನ್ನು ಹಿಂದಕ್ಕೆ ಸೇರಿಸಿದರು.

ಟೆಂಪ್ಲೇಟ್ ಬದಲಿಸಲು ಬರೆದುಕೊಟ್ಟಿದ್ದೇನೆ. ಮುಂದಿನ ತ್ರೈಮಾಸಿಕದಲ್ಲಿ ನೋಡೋಣ ಎಂಬ ಉತ್ತರ ಬಂದಿದೆ. ಅಲ್ಲಿಯವರೆಗೆ ನನ್ನ ಕೈಕೆಳಗಿನ ಹೊಸಬರೆಲ್ಲರೂ ಎರಡು ಕಾಯ್ದೆಗಳನ್ನು ಬೇರೆಬೇರೆಯಾಗಿಯೇ ಬರೆಯುತ್ತಾರೆ, ಪದಮಿತಿ ಮೀರಿದರೂ ಸರಿ.